ಅಳೆದವರು ಯಾರು ಎಂದು ಕೇಳು

ಮಗಳೇ, ಈ ಮಳೆಗಾಲವನ್ನು ತೋಟದಲ್ಲೇ ಕಳೆಯುತ್ತೇನೆ ಎಂದಿದ್ದೀಯ. ಒಳ್ಳೆಯದಾಯಿತು. ಬರುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ.

ಕೊಡಗಿನ ಬೆಳೆಗಾರರಲ್ಲಿ ಅಂಗಳದ ಮಳೆಮಾಪಕವನ್ನು ಬೆಳಿಗ್ಗೆ ನೋಡಿ, ಇಂಚು–ಸೆಂಟುಗಳಲ್ಲಿ ಬರೆದಿಡುವ ರೂಢಿ ಹಳೆಯದು. ‘ಭಯಂಕರ ಮಳೆ’ ಎಂದು ಯಾರು ಬೇಕಾದರೂ ಹೇಳಿಯಾರು. ಎಷ್ಟು ಇಂಚು ಎನ್ನುವವರು ಮಾತ್ರ ಅಳೆದಿರಬೇಕು. ಫೋನಿಗೆ ಬರುವ ಸುದ್ದಿಗೂ ಅದನ್ನೇ ಕೇಳು: ಅಳೆದವರು ಯಾರು, ಎಲ್ಲಿ, ಯಾವಾಗ?

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ಎಷ್ಟೋ ಊರುಗಳಿಗೆ ದಾರಿಯೇ ಇಲ್ಲವಾಯಿತು. ನಮ್ಮವರು ಎಲ್ಲಿದ್ದಾರೋ ಎಂದು ಜೀವ ಹಪಹಪಿಸುವಾಗ ಮನಸ್ಸು ಬಂದದ್ದನ್ನೆಲ್ಲ ನಂಬುತ್ತದೆ. ಯಾವುದೋ ವರ್ಷದ, ಯಾವುದೋ ರಾಜ್ಯದ ವಿಡಿಯೊವನ್ನು ಕೆಟ್ಟವರಲ್ಲ, ಕಳವಳಪಡುವ ಒಳ್ಳೆಯವರೇ ಮುಂದಕ್ಕೆ ಕಳಿಸುತ್ತಾರೆ. ಅದನ್ನು ನಂಬಿ ರಕ್ಷಣಾ ತಂಡ ಆಪತ್ತಿಲ್ಲದ ಕಡೆಗೆ ಹೊರಟರೆ, ಆಪತ್ತಿನಲ್ಲಿರುವವರು ಕಾಯುತ್ತಾರೆ. ನನಗೆ ಸಂಕಟವಾಗುವುದು ಇದಕ್ಕೇ.

ಏನನ್ನು ಮೊದಲೇ ಹೇಳಬಹುದು, ಏನನ್ನು ಹೇಳಲಾಗದು ಎಂಬುದನ್ನೂ ತಿಳಿದುಕೊ. ಮಳೆಯ ಮುನ್ಸೂಚನೆ ಸಾಧ್ಯ. ಹವಾಮಾನ ಇಲಾಖೆ ಹಳದಿ ಎಂದರೆ ಗಮನವಿಡು, ಕಿತ್ತಳೆ ಎಂದರೆ ಸಜ್ಜಾಗು, ಕೆಂಪು ಎಂದರೆ ಕ್ರಮಕ್ಕಿಳಿ. ದಿನಕ್ಕೆ 204.4 ಮಿಲಿಮೀಟರ್ ಮೀರಿದರೆ ಅದು ‘ಅತ್ಯಂತ ಭಾರೀ’, ನಮ್ಮ ಲೆಕ್ಕದಲ್ಲಿ ಸುಮಾರು ಎಂಟು ಇಂಚು. ಹಾರಂಗಿ ಜಲಾಶಯದಿಂದ ಬಿಡುವ ನೀರನ್ನು ಕ್ಯೂಸೆಕ್‌ನಲ್ಲಿ ಹೇಳಬಹುದು. ಆದರೆ ಭೂಕಂಪ? 2022ರ ಜೂನ್‌ನಲ್ಲಿ ಚೆಂಬು, ಸಂಪಾಜೆಯ ಕಡೆ ನೆಲ ನಡುಗಿತು. ‘ಇಂದು ರಾತ್ರಿ ಇಷ್ಟು ಗಂಟೆಗೆ ಮತ್ತೆ ನಡುಗುತ್ತದೆ’ ಎಂದು ಹೇಳಬಲ್ಲ ಯಂತ್ರ ಲೋಕದಲ್ಲೇ ಇಲ್ಲ. ಅಂಥ ಸಂದೇಶ ಯಾರಿಂದ ಬಂದರೂ ಅಳಿಸಿಬಿಡು.

ಅರ್ಧ ನಿಜವೂ ಅಪಾಯವೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯಲ್ಲಿ ಚೈನು ತುಂಡಾಗಿ ಕೊಚ್ಚಿಹೋದದ್ದು 33 ಗೇಟುಗಳಲ್ಲಿ ಒಂದು, 19ನೆಯದು. ಗೇಟು ಹೋಯಿತು ಎನ್ನುವುದಕ್ಕೂ ಅಣೆಕಟ್ಟೆ ಒಡೆಯಿತು ಎನ್ನುವುದಕ್ಕೂ ಅಜಗಜಾಂತರ. ನದಿ ದಂಡೆಯವರಿಗೆ ಆಗ ಬೇಕಿದ್ದುದು ಎಷ್ಟು ನೀರು, ಎಷ್ಟು ಹೊತ್ತಿಗೆ ತಮ್ಮೂರಿಗೆ ಬರುತ್ತದೆ ಎಂಬ ಲೆಕ್ಕ.

ಹಾಗೆಂದು ಎಲ್ಲಕ್ಕೂ ಸರ್ಕಾರದ ಸಂದೇಶಕ್ಕೆ ಕಾಯುತ್ತಾ ಕೂರಬೇಡ. ನಮ್ಮ ಗುಡ್ಡದ ಬರೆ ಜರಿಯುವ ಸುದ್ದಿ ಮೊದಲು ತಿಳಿಯುವುದು ಅಲ್ಲಿರುವವರಿಗೇ. ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪು ಕೆಸರಾದರೆ, ಮಳೆ ಸುರಿಯುತ್ತಿದ್ದರೂ ನೀರು ತಟ್ಟನೆ ಇಳಿದರೆ, ಮರ ವಾಲಿದರೆ, ಅಂಗಳ ಬಿರಿದರೆ, ಮನೆಯವರನ್ನೆಲ್ಲ ಹೊರಡಿಸಿಕೊಂಡು ಹೊರಡು. ಸುರಕ್ಷಿತ ಜಾಗ ಸೇರಿದ ಮೇಲೆ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಫೋನ್ ಮಾಡು. ಆ ಸಂಖ್ಯೆಯನ್ನೂ 112ನ್ನೂ ಗೋಡೆಯ ಮೇಲೆ ದೊಡ್ಡದಾಗಿ ಬರೆ. ಟವರ್ ಸತ್ತಾಗ ಮಡಿಕೇರಿ ಆಕಾಶವಾಣಿ ಕೇಳಲು ಶೆಲ್ ಹಾಕುವ ರೇಡಿಯೊ ಒಂದಿರಲಿ.

ಮತ್ತೆ, ತೋಟದ ಕೆಲಸಗಾರರ ಲೈನ್‌ಮನೆಯಲ್ಲಿ ಅಸ್ಸಾಮಿನ ಕುಟುಂಬಗಳಿವೆ. ಕನ್ನಡದ ಎಚ್ಚರಿಕೆ ಅವರ ಫೋನಿಗೂ ಬಂದೀತು, ಓದಲು ಬಾರದು. ನಿನಗೆ ಹಿಂದಿ ಬರುತ್ತದೆಯಲ್ಲ. ಕಿತ್ತಳೆ, ಕೆಂಪು ಎಂದ ದಿನ ಕತ್ತಲಾಗುವ ಮೊದಲೇ ಅಲ್ಲಿಗೆ ನಡೆದು ಹೋಗು. ಯಾರು ಹೇಳಿದ್ದು, ಎಷ್ಟು ಗಂಟೆಯ ಸುದ್ದಿ, ಹೊರಡಬೇಕಾದರೆ ಯಾವ ದಾರಿ ಎಂದು ಅವರಿಗೆ ತಿಳಿಯುವ ಹಾಗೆ ಹೇಳಿ ಬಾ.