ಗೇರ್ ಬದಲಾಗುವಾಗ ಕಾರು ಜಗ್ಗುತ್ತಿದ್ದರೆ

ಕಬ್ಬಿನ ಹಂಗಾಮಿನಲ್ಲಿ ಆಳಂದ, ಅಫಜಲಪುರದ ಕಡೆ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ತೆವಳುವಾಗ ನಿಮ್ಮ ಆಟೊಮ್ಯಾಟಿಕ್ ಕಾರು ಜಗ್ಗುತ್ತದೆಯೇ? ಗೇರ್‌ಬಾಕ್ಸ್ ಬಿಚ್ಚಿಸಲು ಅವಸರ ಬೇಡ. ಮೊದಲು ಬ್ಯಾಟರಿ, ಎಂಜಿನ್ ಮೌಂಟ್ ನೋಡಿಸಿ, ಸ್ಕ್ಯಾನರ್ ಹಚ್ಚಿಸಿ.

ಪೋಲೊ ಜಿಟಿ ಟಿಎಸ್‌ಐನಂಥ ಚುರುಕು ಕಾರಿನ 7 ಗೇರಿನ ಜೋಡಿ ಕ್ಲಚ್ ಗೇರ್‌ಬಾಕ್ಸ್ ಆದ ಡಿಎಸ್‌ಜಿಯಲ್ಲಿ ಇರುವುದು ಒಣ ಕ್ಲಚ್. ತಂಪು ಮಾಡಲು ಎಣ್ಣೆಯಿಲ್ಲ. ತೆವಳುವಾಗ ಅದು ಅರ್ಧ ಹಿಡಿದು ಅರ್ಧ ಜಾರುತ್ತ ಬಿಸಿಯಾಗುತ್ತದೆ. ಜೇವರ್ಗಿಯ ಮೇ ಬಿಸಿಲಲ್ಲಂತೂ ಇನ್ನೂ ಬೇಗ. ಮುಂದಿನ ಗಾಡಿಗೆ ಅಂತರ ಬಿಡಿ, ಜಾಗ ಸಿಕ್ಕಾಗ ಒಮ್ಮೆಲೇ ಸಾಗಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರು ನಿಲ್ಲಿಸಿಕೊಳ್ಳುವ ಚಟ ದಯವಿಟ್ಟು ಬಿಡಿ, ಬ್ರೇಕ್ ಹಿಡಿಯಿರಿ.

ಎಣ್ಣೆಯ ಮೂಲಕ ಬಲ ಸಾಗಿಸುವ ಟಾರ್ಕ್ ಕನ್ವರ್ಟರ್ ಕಾರಾದರೆ ಗೇರ್‌ಬಾಕ್ಸ್ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದೆಯೇ ನೋಡಿಸಿ. ಕಂಪನಿ ಹೇಳಿದ ದರ್ಜೆಯದನ್ನೇ ಹಾಕಿಸಿ. ಮಟ್ಟವನ್ನು ಕಾರಿನ ಕೈಪಿಡಿ ಹೇಳಿದಷ್ಟು ಬಿಸಿಯಲ್ಲೇ ಅಳೆಯಲು ಹೇಳಿ.