ಕರುಳಿನ ಉರಿಯೂತವೂ ಆಹಾರಕ್ರಮವೂ

ನಾವು ಕುಡಿದ ನೀರು ಮತ್ತು ದೇಹವೇ ಸ್ರವಿಸುವ ಜೀರ್ಣರಸಗಳು ಸೇರಿ ದಿನವೊಂದಕ್ಕೆ ಸುಮಾರು 9 ಲೀಟರ್ ದ್ರವವು ನಮ್ಮ ಕರುಳನ್ನು ಪ್ರವೇಶಿಸುತ್ತದೆ. ಆರೋಗ್ಯವಂತರಲ್ಲಿ ಮಲದೊಡನೆ ಹೊರಬೀಳುವ ನೀರು ಸಾಮಾನ್ಯವಾಗಿ 200 ಮಿಲಿಲೀಟರನ್ನು ಮೀರದು. ಉಳಿದುದೆಲ್ಲವೂ ಕರುಳಿನ ಗೋಡೆಯ ಮೂಲಕ ರಕ್ತಕ್ಕೆ ಮರಳುತ್ತದೆ. ಇಂಥ ಗೋಡೆಯೇ ಬೇನೆಗೊಳಗಾದರೆ ಏನಾಗುವುದು? ಆಗ ಏನನ್ನು ಉಣ್ಣಬೇಕು?

ಕರುಳಿನ ದೀರ್ಘಕಾಲಿಕ ಉರಿಯೂತಗಳಲ್ಲಿ ಮುಖ್ಯವಾದುವು ಎರಡು. ‘ಅಲ್ಸರೇಟಿವ್ ಕೊಲೈಟಿಸ್’ ದೊಡ್ಡ ಕರುಳಿನ ಒಳಪೊರೆಯಲ್ಲಿ ಹುಣ್ಣುಗಳನ್ನು ಉಂಟುಮಾಡುತ್ತದೆ. 1932ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಕ್ರೋನ್, ಗಿನ್ಸ್‌ಬರ್ಗ್ ಮತ್ತು ಓಪನ್‌ಹೈಮರ್ ಅವರು ವರ್ಣಿಸಿದ ‘ಕ್ರೋನ್ ರೋಗ’ವು ಅನ್ನಮಾರ್ಗದ ಯಾವ ಭಾಗದಲ್ಲಾದರೂ ತಲೆದೋರಬಹುದು, ಗೋಡೆಯ ಇಡೀ ದಪ್ಪವನ್ನು ವ್ಯಾಪಿಸಬಹುದು. ಎರಡರಲ್ಲಿಯೂ ದೇಹದ ರೋಗರಕ್ಷಕ ವ್ಯವಸ್ಥೆಯು ದಾರಿ ತಪ್ಪಿ ಕರುಳನ್ನೇ ಪೀಡಿಸುತ್ತದೆ. ಇವು ಅಂಟುರೋಗಗಳಲ್ಲ; ಖಾರ ತಿಂದ ಮಾತ್ರಕ್ಕೆ ಬರುವಂಥವೂ ಅಲ್ಲ. ಅನೇಕರಲ್ಲಿ ಇವು ವಿದ್ಯಾರ್ಥಿದೆಸೆಯಲ್ಲಿಯೇ ಆರಂಭವಾಗುತ್ತವೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಸುಮ್ಮನಿರಬಾರದು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ ರೋಗವನ್ನು ಹೋಲುವುದರಿಂದ ವೈದ್ಯಪರೀಕ್ಷೆ ಅತ್ಯಗತ್ಯ.

ಇನ್ನು ಆಹಾರದ ವಿಚಾರ. ಕ್ರೋನ್ ರೋಗದಲ್ಲಿ ಕರುಳು ಕೆಲವೆಡೆ ಊದಿಕೊಂಡು ಅಥವಾ ಕಲೆಗಟ್ಟಿ ಕಿರಿದಾಗುವುದುಂಟು. ನಳಿಕೆಯ ತ್ರಿಜ್ಯವು ಅರ್ಧಕ್ಕಿಳಿದರೆ ಅದರ ಅಡ್ಡಛೇದದ ಕ್ಷೇತ್ರಫಲವು ಕಾಲುಭಾಗಕ್ಕಿಳಿಯುತ್ತದೆ. ಇಂಥ ಕಡೆ ಕಾಳಿನ ಸಿಪ್ಪೆ, ದಂಟು, ಹಸಿ ತರಕಾರಿಗಳ ಒರಟು ನಾರು ಸಿಕ್ಕಿಕೊಂಡು ನೋವನ್ನು ತರಬಲ್ಲುದು. ಆದುದರಿಂದ ಅಂಥವರಿಗೆ ಮೆತ್ತಗಿನ ಅನ್ನ, ಹೆಸರುಬೇಳೆಯ ತೊವ್ವೆ, ಸಿಪ್ಪೆ ಬೀಜ ತೆಗೆದು ಬೇಯಿಸಿದ ಸೋರೆಕಾಯಿ, ರೂಢಿಯಿದ್ದವರಿಗೆ ಮೊಟ್ಟೆ, ಮೀನು ಹಿತಕರ.

ಹಾಲಿನ ಮಾತು ಬೇರೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವು ಸಾಲದಿದ್ದಲ್ಲಿ ಆ ಸಕ್ಕರೆ ಕರುಳಿನಲ್ಲಿಯೇ ಉಳಿದು ಅಭಿಸರಣದಿಂದ ನೀರನ್ನು ತನ್ನೆಡೆಗೆ ಸೆಳೆಯುತ್ತದೆ; ಭೇದಿ ಹೆಚ್ಚುತ್ತದೆ. ಆದರೆ ಹಾಲು ಒಗ್ಗುವ ರೋಗಿ ಅದನ್ನು ಬಿಡಬೇಕಾಗಿಲ್ಲ. ಒಗ್ಗದವರಲ್ಲಿಯೂ ಅನೇಕರಿಗೆ ಮೊಸರು ಹಿಡಿಸುತ್ತದೆ.

ಭೇದಿಯಲ್ಲಿ ನೀರಿನೊಡನೆ ಲವಣವೂ ನಷ್ಟವಾಗುತ್ತದೆ. ಗ್ಲೂಕೋಸು ಕರುಳಿನ ಗೋಡೆಯನ್ನು ದಾಟುವಾಗ ಸೋಡಿಯಮನ್ನು ಜೊತೆಗೆ ಒಯ್ಯುತ್ತದೆ. ಅವನ್ನು ನೀರು ಹಿಂಬಾಲಿಸುತ್ತದೆ. ಓ.ಆರ್.ಎಸ್. ಪುಡಿಯ ರಹಸ್ಯ ಇದೇ. 2002ರ ಸೂತ್ರದಂತೆ ಒಂದು ಲೀಟರ್ ದ್ರಾವಣದಲ್ಲಿ 13.5 ಗ್ರಾಂ ಗ್ಲೂಕೋಸು, 2.6 ಗ್ರಾಂ ಉಪ್ಪು, ಜೊತೆಗೆ ಇತರ ಲವಣಗಳಿವೆ. ಸಿಹಿ ಪಾನೀಯಗಳಲ್ಲಿ ಸಕ್ಕರೆ ಮಿತಿಮೀರಿರುವುದರಿಂದ ಅವು ಇದಕ್ಕೆ ಬದಲಾಗಲಾರವು.

ಹಾಗಾದರೆ ಎಲ್ಲರಿಗೂ ಸಲ್ಲುವ ಪಥ್ಯವೊಂದಿದೆಯೆ? ಇಲ್ಲ. ಕ್ರೋನ್ ರೋಗವುಳ್ಳ ಮಕ್ಕಳಿಗೆ ವೈದ್ಯರು 6ರಿಂದ 8 ವಾರ ಕೇವಲ ವಿಶೇಷ ದ್ರವಾಹಾರವನ್ನು ಕೊಟ್ಟು ಉರಿಯೂತವನ್ನು ಶಮನಗೊಳಿಸುವುದುಂಟು. ಆದರೆ ಅದು ಮನೆಯ ಪಥ್ಯವಲ್ಲ, ಚಿಕಿತ್ಸೆ. ಸಾಮಾನ್ಯ ರೋಗಿಗೆ ಹೆಚ್ಚಿನ ಅಪಾಯವಿರುವುದು ಊಟಕ್ಕೆ ಹೆದರಿ ಒಂದೊಂದೇ ಪದಾರ್ಥವನ್ನು ಬಿಡುತ್ತ ಹೋಗುವುದರಲ್ಲಿ. ರಕ್ತಸ್ರಾವದಿಂದ ಕಬ್ಬಿಣ ಮೊದಲೇ ಕುಂದಿರುತ್ತದೆ. ಜೀವಸತ್ತ್ವ ಬಿ-12 ಹೀರಲ್ಪಡುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಕ್ರೋನ್ ರೋಗ ಹಲವೊಮ್ಮೆ ಹಿಡಿಯುವುದೂ ಅಲ್ಲಿಯೇ. ಇದರ ಮೇಲೆ ಉಪವಾಸವೂ ಸೇರಿದರೆ ಬೆಳೆಯುವ ದೇಹವು ಸೊರಗುತ್ತದೆ.

ಆದುದರಿಂದ ಉಂಡುದನ್ನೂ ಅದರ ಪರಿಣಾಮವನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸುವುದು ಲೇಸು. ರೋಗ ಶಮನಗೊಂಡು, ಕರುಳು ಕಿರಿದಾಗಿಲ್ಲವೆಂದು ತಿಳಿದ ಮೇಲೆ ಹಣ್ಣು, ತರಕಾರಿ, ರಾಗಿ, ಕಾಳುಗಳನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ರೂಢಿಸಿಕೊಳ್ಳಬೇಕು. ನೋವಿಲ್ಲವೆಂದು ಔಷಧವನ್ನು ತಾವಾಗಿ ನಿಲ್ಲಿಸಬಾರದು.

ಇತರರಿಗೂ ಇಲ್ಲಿ ಕರ್ತವ್ಯವಿದೆ. ಪಾಠದ ನಡುವೆ ಅವಸರದಿಂದ ಎದ್ದುಹೋಗುವ ಸಹಪಾಠಿಯನ್ನು ನೋಡಿ ನಗದಿರೋಣ. ಪಂಕ್ತಿಯಲ್ಲಿ ಬೇಡವೆಂದವರ ಎಲೆಗೆ ಬಲವಂತದಿಂದ ಬಡಿಸದಿರೋಣ. ಈ ರೋಗವನ್ನು ಬೇರುಸಹಿತ ಕೀಳುವ ಔಷಧವು ಇನ್ನೂ ದೊರೆತಿಲ್ಲ. ಆದರೂ ಸರಿಯಾದ ಚಿಕಿತ್ಸೆ ಮತ್ತು ತಿಳಿವಳಿಕೆಯ ಊಟದಿಂದ ಇದರೊಡನೆ ಓದಲೂ ದುಡಿಯಲೂ ಬಾಳಲೂ ಸಾಧ್ಯ.