ಕಹಿನಗೆಯ ಹಿಂದಿನ ಮನಸ್ಸು

ನೊಂದ ಮನಸ್ಸೇ ಕಲೆಯ ತಾಯಿ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಚಿತ್ರಕಾರ ವಿನ್ಸೆಂಟ್ ವ್ಯಾನ್‌ಗೋ ಅವರ ಬದುಕು ಬೇರೆಯದನ್ನೇ ತಿಳಿಸುತ್ತದೆ. 1889ರ ಮೇ ತಿಂಗಳಲ್ಲಿ ಅವರು ಫ್ರಾನ್ಸಿನ ಸಾಂ ರೆಮಿಯ ಮಾನಸಿಕ ಚಿಕಿತ್ಸಾಲಯವನ್ನು ತಾವಾಗಿಯೇ ಸೇರಿದರು. ಅಲ್ಲಿನ ಒಂದು ವರ್ಷದಲ್ಲಿ ಸುಮಾರು 150 ಚಿತ್ರಗಳನ್ನು ಬರೆದರು. ರೋಗ ಉಲ್ಬಣಿಸಿದ ವಾರಗಳಲ್ಲಿ ಮಾತ್ರ ಕೆಲಸ ಬಹುಮಟ್ಟಿಗೆ ನಿಂತುಹೋಗುತ್ತಿತ್ತು. ಚಿತ್ರಗಳಲ್ಲಿ ಹೆಚ್ಚಿನವು ಮನಸ್ಸು ತಿಳಿಯಾಗಿದ್ದ ದಿನಗಳ ಕಾಯಕ.

ನೋವನ್ನು ನಗೆಯಾಗಿಸುವುದೂ ಒಂದು ಕಲೆಯೇ. ಗಲ್ಲಿಗೇರುವವನ ವಿನೋದದಲ್ಲಿ ಫ್ರಾಯ್ಡ್ ಅವರು 1927ರಲ್ಲಿ ದುಃಖಕ್ಕೆ ಮಣಿಯದ ಮನೋಬಲವನ್ನು ಕಂಡರು. ಆದರೆ ಮನೆಯವರೊಬ್ಬರು ತಮ್ಮ ಸಾವನ್ನೇ ಮತ್ತೆ ಮತ್ತೆ ನಗೆಮಾತಾಗಿಸಿ, ಊಟ ನಿದ್ರೆಗಳನ್ನೂ ತೊರೆಯತೊಡಗಿದರೆ ನಾವು ನಕ್ಕು ಸುಮ್ಮನಾಗಲಾಗದು. ಬಳಿ ಕುಳಿತು ನೇರವಾಗಿಯೇ ಕೇಳಬೇಕು. ಕೇಳಿದ ಮಾತ್ರಕ್ಕೆ ಆ ಯೋಚನೆ ಬಲಿಯುವುದಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ.